ರೊಟ್ಟಿ ಊಟ ಹಾಗೇ ಇರಲಿ, ಮೊಸರಷ್ಟೇ ಬದಲಾಗಲಿ: ಹಾಲು-ತುಪ್ಪವಿಲ್ಲದೆ ಮನೆಮಂದಿಗೆ ಉಣಿಸುವ ಸಮಗ್ರ ಮಾರ್ಗದರ್ಶಿ

ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಲೆ, ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿ ಮೆಂತೆ, ಉಳ್ಳಾಗಡ್ಡಿ, ಸೌತೆಕಾಯಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಈ ತಾಟಿನಲ್ಲಿ ಪ್ರಾಣಿಯಿಂದ ಬಂದದ್ದು ಎರಡೇ: ಬಟ್ಟಲಲ್ಲಿರುವ ಮೊಸರು, ಬೇಳೆಯ ಮೇಲೆ ಬೀಳುವ ತುಪ್ಪ. ಆದ್ದರಿಂದ ನಮ್ಮ ಭಾಗದಲ್ಲಿ ವೀಗನ್ ಅಡುಗೆ, ಅಂದರೆ ಪ್ರಾಣಿಯಿಂದ ಬಂದದ್ದು ಯಾವುದೂ ಇಲ್ಲದ ಅಡುಗೆ ಮಾಡುವವರು ಹೊಸ ಅಡುಗೆಯನ್ನೇನೂ ಕಲಿಯಬೇಕಿಲ್ಲ. ಬಾದಾಮಿ ಹಾಲಿನ ಪೊಟ್ಟಣ, ದುಬಾರಿ ಚೀಸು ಯಾವುದೂ ಬೇಡ. ಬೇಕಿರುವುದು ಮೂರು: ಮೊಸರಿಗೊಂದು ಬದಲಿ, ಕಾಳುಗಳ ಅಳತೆ ತಪ್ಪದ ಲೆಕ್ಕ, ಮತ್ತು ವಿಟಮಿನ್ ಬಿ12 ಮಾತ್ರೆ. ಮೂರನೆಯದನ್ನು ಜನ ಮರೆಯುತ್ತಾರೆ. ತೊಂದರೆ ಬರುವುದೂ ಅಲ್ಲಿಂದಲೇ.

ಯಾವುದನ್ನು ಮೊದಲು ಬಿಡಬೇಕು

ಎಲ್ಲವನ್ನೂ ಒಂದೇ ದಿನ ನಿಲ್ಲಿಸಿದರೆ ಮನೆಯಲ್ಲಿ ಜಗಳ ಖಚಿತ. ಸುಲಭವಾದದ್ದರಿಂದ ಕಷ್ಟದ್ದಕ್ಕೆ ಹೋಗಿ: ಮೊದಲು ತುಪ್ಪ, ಆಮೇಲೆ ಮಜ್ಜಿಗೆ, ನಂತರ ಮೊಸರು, ಕಡೆಗೆ ಚಹಾದ ಹಾಲು.

ತುಪ್ಪ ಬಿಡುವುದು ಕಷ್ಟವೇ ಅಲ್ಲ. ಬಿಸಿ ರೊಟ್ಟಿಗೆ, ಚಟ್ನಿಪುಡಿಗೆ ಗಾಣದ ಶೇಂಗಾ ಎಣ್ಣೆ ಇಲ್ಲವೇ ಕುಸುಬಿ ಎಣ್ಣೆ ಸಾಕು. ಬೇಳೆಯ ಒಗ್ಗರಣೆಗೂ ಅದೇ. ವನಸ್ಪತಿ ಸಸ್ಯಜನ್ಯವೇ ಆದರೂ ತುಪ್ಪದ ಜಾಗಕ್ಕೆ ಅದನ್ನು ತರಬೇಡಿ. ರುಚಿಯೂ ಇಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ.

ಅಂಗಡಿ ಸಾಮಾನಿನಲ್ಲಿ ಹಾಲು ಅಡಗಿರುವುದು ಬಿಸ್ಕಿಟ್, ಬ್ರೆಡ್, ಚಾಕಲೇಟು, ಮಸಾಲೆ ಚಿಪ್ಸ್, ಬೇಕರಿ ಖಾರಿಗಳಲ್ಲಿ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಂಬಿ ಕೊಳ್ಳಬೇಡಿ. ಅದು ಮಾಂಸ, ಮೊಟ್ಟೆ ಇಲ್ಲ ಎಂದು ಹೇಳುತ್ತದೆಯೇ ಹೊರತು ಹಾಲಿಲ್ಲ ಎಂದಲ್ಲ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2022ರಲ್ಲಿ ವೀಗನ್ ಆಹಾರಕ್ಕೆಂದೇ ನಿಯಮ ತಂದಿದೆ. ಅದರ ಗುರುತು ಹಸಿರು ‘ವಿ’ ಅಕ್ಷರ ಮತ್ತು ಎಲೆ. ಆ ಗುರುತು ಇಲ್ಲದಿದ್ದರೆ ಪದಾರ್ಥಗಳ ಪಟ್ಟಿಯಲ್ಲಿ ಹಾಲಿನ ಪುಡಿ, ಮಿಲ್ಕ್ ಸಾಲಿಡ್ಸ್, ವೇ, ಕೇಸಿನ್ ಎಂಬ ಹೆಸರುಗಳಿವೆಯೇ ಎಂದು ಹುಡುಕಿ.

ಬಿ12: ಇದಕ್ಕೆ ಅಡುಗೆಮನೆಯಲ್ಲಿ ಪರಿಹಾರವಿಲ್ಲ

ಯಾವ ಕಾಳು, ಯಾವ ಸೊಪ್ಪು, ಯಾವ ಹುದುಗಿದ ಹಿಟ್ಟೂ ನಂಬುವಷ್ಟು ಬಿ12 ಕೊಡುವುದಿಲ್ಲ. ಇಡ್ಲಿಯಲ್ಲಿದೆ, ಸ್ಪಿರುಲಿನಾ ಎಂಬ ಪಾಚಿಯಲ್ಲಿದೆ ಎನ್ನುವ ಮಾತಿಗೆ ಕಿವಿಗೊಡಬೇಡಿ. ಸ್ಪಿರುಲಿನಾದಲ್ಲಿ ಇರುವುದರ ಬಹುಪಾಲು ನಮ್ಮ ದೇಹ ಬಳಸಲಾಗದ ರೂಪ. ಹಾಲು-ಮೊಸರು ಉಣ್ಣುವ ಸಸ್ಯಾಹಾರಿಗಳಲ್ಲೇ ನಮ್ಮ ದೇಶದಲ್ಲಿ ಬಿ12 ಕೊರತೆ ಸಾಮಾನ್ಯ. ಅದನ್ನೂ ಬಿಟ್ಟರೆ ಇರುವ ಒಂದು ಮೂಲವೂ ಹೋದಂತೆ.

ಐಸಿಎಂಆರ್-ಎನ್‌ಐಎನ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪೋಷಣಾ ಸಂಸ್ಥೆ) 2020ರ ಶಿಫಾರಸಿನ ಪ್ರಕಾರ ದೊಡ್ಡವರಿಗೆ ದಿನಕ್ಕೆ 2.2 ಮೈಕ್ರೊಗ್ರಾಂ ಬೇಕು. ಮಾತ್ರೆಯಲ್ಲಿ ನೂರಾರು ಮೈಕ್ರೊಗ್ರಾಂ ಬರೆದಿರುವುದನ್ನು ನೋಡಿ ಹೆದರಬೇಕಿಲ್ಲ: ಒಮ್ಮೆಗೆ ದೊಡ್ಡ ಪ್ರಮಾಣ ನುಂಗಿದಾಗ ದೇಹ ಹೀರುವುದು ಅದರ ಸಣ್ಣ ಪಾಲನ್ನು ಮಾತ್ರ. ಬ್ರಿಟನ್ನಿನ ವೀಗನ್ ಸೊಸೈಟಿ ದೊಡ್ಡವರಿಗೆ ಹೇಳುವ ಅಳತೆ ದಿನಕ್ಕೆ ಕನಿಷ್ಠ 10 ಮೈಕ್ರೊಗ್ರಾಂ, ಇಲ್ಲವೇ ವಾರಕ್ಕೊಮ್ಮೆ ಕನಿಷ್ಠ 2000. ಶುರುಮಾಡುವ ಮುಂಚೆ ರಕ್ತದಲ್ಲಿ ಬಿ12 ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಆಗಲೇ ಕೊರತೆ ಇದ್ದರೆ ಈ ಅಳತೆ ಸಾಲದು, ವೈದ್ಯರು ಚುಚ್ಚುಮದ್ದನ್ನೂ ಕೊಡಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಅವರ ಪರೀಕ್ಷೆ ಮೊದಲು ಆಗಲಿ. ಆ ಮಾತ್ರೆ ಬಿ12 ಅನ್ನು ಇನ್ನಷ್ಟು ಇಳಿಸುತ್ತದೆ. ಪಾದ ಜುಮ್ಮೆನ್ನುವುದು, ನಾಲಿಗೆ ಉರಿಯುವುದು, ಮರೆವು, ವಿಪರೀತ ದಣಿವು ಬಿ12 ಕೊರತೆಯ ಲಕ್ಷಣಗಳು. ‘ವಯಸ್ಸಾಯ್ತು’ ಎಂದು ಸುಮ್ಮನಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆಯೂ ಉಳಿಯಬಹುದು.

ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಗಳ ಎಲುಬು-ಚರ್ಮದಿಂದ ತೆಗೆಯುವ ಜಿಲೆಟಿನ್‌ನದ್ದಾಗಿರಬಹುದು. ಬೇಡವೆಂದರೆ ಗಟ್ಟಿ ಮಾತ್ರೆ ಅಥವಾ ಬಾಯಿಗೆ ಸಿಂಪಡಿಸುವ ಸ್ಪ್ರೇ ಕೇಳಿ.

ಶೇಂಗಾ ಹಾಲು, ಶೇಂಗಾ ಮೊಸರು

ಸಸ್ಯದ ಹಾಲುಗಳಲ್ಲಿ ನಮ್ಮ ಕಡೆಗೆ ಒಗ್ಗುವುದು ಶೇಂಗಾದ್ದೇ. ಬೀಜ ಇಲ್ಲೇ ಬೆಳೆಯುತ್ತದೆ, ಬೆಲೆ ಕಡಿಮೆ, ಹಾಲು ಮೊಸರಾಗಿ ಹೆಪ್ಪುಗಟ್ಟುವಷ್ಟು ಪ್ರೋಟೀನು, ಜಿಡ್ಡು ಎರಡೂ ಅದರಲ್ಲಿವೆ. ಬೇಕಾಗುವುದು 200 ಗ್ರಾಂ ಹಸಿ ಶೇಂಗಾ ಬೀಜ, 700 ಮಿ.ಲೀ. ನೀರು, ತೊಟ್ಟು ಸಮೇತ ಎಂಟು-ಹತ್ತು ಹಸಿಮೆಣಸಿನಕಾಯಿ.

1. ಬೀಜ ಆರಿಸಿ. ಮುರುಟಿದ್ದು, ಕಪ್ಪಾದದ್ದು, ಬೂಸು ಹಿಡಿದದ್ದು ಒಂದೂ ಉಳಿಯಬಾರದು. ಶೇಂಗಾದ ಬೂಸಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಕುದಿಸಿದರೂ ಅದು ಹೋಗುವುದಿಲ್ಲ. ಬಾಯಿಗೆ ಹಾಕಿದ ಬೀಜ ಕಹಿ ಎನಿಸಿದರೆ ಆ ಚೀಲವನ್ನೇ ಬಿಡಿ.

2. ಆರರಿಂದ ಎಂಟು ತಾಸು ನೆನೆಸಿ ನೀರು ಚೆಲ್ಲಿ. ಹೊಸ ನೀರಿನಲ್ಲಿ ಐದು ನಿಮಿಷ ಕುದಿಸಿ, ಆ ನೀರನ್ನೂ ಚೆಲ್ಲಿ. ಈಗ ಕೈಯಲ್ಲಿ ತಿಕ್ಕಿದರೆ ಸಿಪ್ಪೆ ಬಿಡುತ್ತದೆ. ಈ ಕುದಿಯನ್ನು ತಪ್ಪಿಸಿದರೆ ಹಸಿ ವಾಸನೆ ಮೊಸರಿನವರೆಗೂ ಬರುತ್ತದೆ. ಸಿಪ್ಪೆ ಉಳಿದರೆ ಹಾಲು ಕಂದಾಗುತ್ತದೆ, ಒಗರಾಗುತ್ತದೆ.

3. ಮಿಕ್ಸರ್‌ನಲ್ಲಿ ಮೊದಲು 200 ಮಿ.ಲೀ. ನೀರಷ್ಟೇ ಹಾಕಿ ಗಂಧದಂತೆ ರುಬ್ಬಿ, ಆಮೇಲೆ ಉಳಿದ 500 ಹಾಕಿ ಇನ್ನೊಮ್ಮೆ ತಿರುಗಿಸಿ. ಎಲ್ಲ ನೀರನ್ನೂ ಒಮ್ಮೆಲೇ ಸುರಿದರೆ ಬೀಜ ಸಿಡಿಯುತ್ತ ಓಡಾಡುತ್ತದೆ, ನುಣ್ಣಗಾಗುವುದಿಲ್ಲ.

4. ತೆಳು ಪಂಚೆ ಬಟ್ಟೆಯಲ್ಲಿ ಸೋಸಿ ಹಿಂಡಿ. ಉಳಿದ ಗಸಿಯನ್ನು ಚೆಲ್ಲಬೇಡಿ: ತಾಲಿಪಟ್ಟಿನ ಹಿಟ್ಟಿಗೆ, ಬದನೆಕಾಯಿ ತುಂಬುವ ಮಸಾಲೆಗೆ ಅದು ಸೊಗಸಾಗಿ ಹೊಂದುತ್ತದೆ.

5. ದಪ್ಪ ತಳದ ಬೋಗುಣಿಯಲ್ಲಿ ಸಣ್ಣ ಉರಿಯ ಮೇಲೆ ಹತ್ತು ನಿಮಿಷ ಕುದಿಸಿ. ಸೌಟು ಬಿಡದೆ ಆಡಿಸಬೇಕು, ಇದು ಹಸುವಿನ ಹಾಲಿಗಿಂತ ಬೇಗ ತಳ ಹಿಡಿಯುತ್ತದೆ. ಕುಡಿಯುವುದಕ್ಕಾದರೆ ಇಲ್ಲಿಗೇ ನಿಲ್ಲಿಸಿ, ಇನ್ನೊಂದು ಲೋಟ ನೀರು ಬೆರೆಸಿ ಮತ್ತೊಂದು ಕುದಿ ಬರಿಸಿ.

6. ಬೆರಳಿಟ್ಟರೆ ಬೆಚ್ಚಗೆನಿಸಬೇಕು, ಸುಡಬಾರದು, ಅಷ್ಟು ಆರಲಿ. ಮೆಣಸಿನಕಾಯಿ ತೊಳೆದು ಒರೆಸಿ, ತೊಟ್ಟಿನ ಕಡೆ ಹಾಲಿನಲ್ಲಿ ಮುಳುಗುವಂತೆ ಇಡಿ. ಹೆಪ್ಪಾಗಿಸುವ ಬ್ಯಾಕ್ಟೀರಿಯಾ ಇರುವುದು ಆ ತೊಟ್ಟಿನಲ್ಲೇ. ತೊಟ್ಟು ಮುರಿದ ಕಾಯಿ ಕೆಲಸಕ್ಕೆ ಬಾರದು.

7. ಮುಚ್ಚಿ ಹನ್ನೆರಡು ತಾಸು ಅಲುಗಾಡಿಸದೆ ಬಿಡಿ. ಧಾರವಾಡದ ಚಳಿಗಾಲದಲ್ಲಾದರೆ ಹಾಟ್‌ಬಾಕ್ಸ್ ಒಳಗೆ, ಅಥವಾ ದಪ್ಪ ಬಟ್ಟೆ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಇಡಿ.

ಮೊದಲ ಸಲದ್ದು ಮೊಸರಲ್ಲ, ಹೆಪ್ಪು. ಅದು ಸಡಿಲವಾಗಿ, ತುಸು ಮೆಣಸಿನ ವಾಸನೆ ಹೊಡೆಯುತ್ತದೆ. ಅದನ್ನು ನೋಡಿ ‘ಇದು ಆಗಿಬರೂದಿಲ್ಲ’ ಎಂದು ಕೈಬಿಡುವವರೇ ಹೆಚ್ಚು. ಅದರಲ್ಲಿ ಎರಡು ಚಮಚ ತೆಗೆದು ಹೊಸದಾಗಿ ಕಾಯಿಸಿದ ಅರ್ಧ ಲೀಟರ್ ಹಾಲಿಗೆ ಬೆರೆಸಿ. ಎರಡನೆಯದು ಆರೆಂಟು ತಾಸಿನಲ್ಲಿ ಗಟ್ಟಿಯಾಗುತ್ತದೆ. ಮೂರನೆಯದರ ಹೊತ್ತಿಗೆ ಮೆಣಸಿನ ವಾಸನೆ ಹೋಗಿರುತ್ತದೆ. ಮೇಲೆ ಗುಲಾಬಿ ಇಲ್ಲವೇ ಕಪ್ಪು ಬಣ್ಣ, ಬೂಸು, ಲೋಳೆ ಕಂಡರೆ ಹೆಪ್ಪನ್ನೂ ಸೇರಿಸಿ ಎಲ್ಲವನ್ನೂ ಚೆಲ್ಲಿ, ಮೊದಲಿನಿಂದ ಶುರುಮಾಡಿ.

ಕೆಳಗೆ ನೀರು, ಮೇಲೆ ಗಟ್ಟಿ ಎಂದು ಬೇರೆಯಾದರೆ ಹುಳಿ ಹೆಚ್ಚಾಗಿದೆ ಎಂದರ್ಥ. ಕಡೆದು ಮಜ್ಜಿಗೆ ಮಾಡಿ, ಮುಂದಿನ ಸಲ ಎರಡು ತಾಸು ಮುಂಚೆ ಫ್ರಿಜ್ಜಿಗಿಡಿ. ಹೆಪ್ಪೇ ಆಗದಿದ್ದರೆ ಹಾಲು ಬಿಸಿಯಿದ್ದಾಗಲೇ ಹೆಪ್ಪು ಬಿದ್ದಿದೆ, ಇಲ್ಲವೇ ನೀರು ಹೆಚ್ಚಾಗಿದೆ. ಮಜ್ಜಿಗೆಗೆ ಒಂದು ಪಾಲು ಮೊಸರು, ಮೂರು ಪಾಲು ನೀರು, ಜಜ್ಜಿದ ಹಸಿಶುಂಠಿ, ಹಸಿಮೆಣಸು, ಇಂಗು, ಕೊತ್ತಂಬರಿ. ಮಜ್ಜಿಗೆ ಸಾರಿಗೆ ಬಳಸುವಾಗ ಬಟ್ಟಲಿಗೆ ಒಂದು ಚಮಚ ಕಡಲೆಹಿಟ್ಟು ಕಲಸಿ, ಆವಿ ಏಳುತ್ತಲೇ ಇಳಿಸಿ. ಕುದಿದರೆ ಒಡೆಯುತ್ತದೆ. ಬೆಣ್ಣೆ ಬರುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಶೇಂಗಾ ಮೊಸರು ರುಚಿಗೆ ಬದಲಿ, ಕ್ಯಾಲ್ಸಿಯಂಗೆ ಅಲ್ಲ. ಶೇಂಗಾದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆ.

ಚಹಾಕ್ಕೆ ಶೇಂಗಾ ಹಾಲು ಒಗ್ಗುವುದಿಲ್ಲ, ವಾಸನೆ ಎದ್ದು ಕಾಣುತ್ತದೆ. 50 ಗ್ರಾಂ ಗೋಡಂಬಿಯನ್ನು ಎರಡು ತಾಸು ನೆನೆಸಿ, ಅರ್ಧ ಲೀಟರ್ ನೀರಿನಲ್ಲಿ ನುಣ್ಣಗೆ ರುಬ್ಬಿ, ಸೋಸುವುದೂ ಬೇಡ. ಚಹಾಪುಡಿ, ಶುಂಠಿ, ಸಕ್ಕರೆ ಚೆನ್ನಾಗಿ ಕುದಿಸಿ, ಸೋಸಿ, ಉರಿ ಆರಿಸಿದ ಮೇಲೆ ಬಿಸಿ ಮಾಡಿದ ಗೋಡಂಬಿ ಹಾಲು ಬೆರೆಸಿ. ಜತೆಗೇ ಕುದಿಸಿದರೆ ಅಂಟಂಟಾಗಿ ಗಟ್ಟಿಯಾಗುತ್ತದೆ. ಅಂಗಡಿಯ ಸೋಯಾ ಹಾಲು ಬಿಸಿ ಚಹಾದಲ್ಲಿ ಒಡೆಯುವುದುಂಟು, ಬೆಲ್ಲ ಹಾಕಿದ್ದರಂತೂ ಇನ್ನೂ ಹೆಚ್ಚು.

ತಾಟಿನ ಲೆಕ್ಕ

‘ಹಾಲಿಲ್ಲದೆ ಶಕ್ತಿ ಎಲ್ಲಿಂದ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ತೂಕದ ಲೆಕ್ಕದಲ್ಲಿದೆ. ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 55 ಕಿಲೊ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ, 65 ಕಿಲೊ ಗಂಡಸಿಗೆ 54. ಒಂದು ರೊಟ್ಟಿಗೆ 60 ಗ್ರಾಂ ಜೋಳದ ಹಿಟ್ಟು ಹಿಡಿದರೆ 6 ಗ್ರಾಂ ಪ್ರೋಟೀನು, ದಿನಕ್ಕೆ ನಾಲ್ಕು ರೊಟ್ಟಿಗೆ 24. ಒಣ ಅಳತೆಯಲ್ಲಿ 60 ಗ್ರಾಂ ಕಾಳು (ಎರಡು ಹಿಡಿ) ಸುಮಾರು 13. ಶೇಂಗಾ 30 ಗ್ರಾಂ, ಅದರಿಂದ 7. ತೊಗರಿಬೇಳೆ 25 ಗ್ರಾಂ, ಅದರಿಂದ 5. ಒಟ್ಟು 49. ಗಂಡಸರು ಐದನೆಯ ರೊಟ್ಟಿ ಉಣ್ಣುತ್ತಾರೆ, ಲೆಕ್ಕ ಸರಿಹೋಗುತ್ತದೆ.

ಇಲ್ಲಿ ಕಾಳು ಕೈಬಿಡುವಂತಿಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಅದನ್ನು ತುಂಬುವುದು ಕಾಳು-ಬೇಳೆ. ಬರೀ ರೊಟ್ಟಿ, ಬದನೆಕಾಯಿ ಪಲ್ಲೆ, ಖಾರ ಉಂಡೆದ್ದ ದಿನ ಹೊಟ್ಟೆ ತುಂಬಿದರೂ ಈ ಕೊರತೆ ಉಳಿಯುತ್ತದೆ. ನಾಲ್ವರು ದೊಡ್ಡವರ ಮನೆಗೆ ವಾರಕ್ಕೆ 1.7 ಕಿಲೊ ಕಾಳು, 700 ಗ್ರಾಂ ಬೇಳೆ, ಹಾಲು-ಮೊಸರಿಗೆ ಬಿಟ್ಟು 850 ಗ್ರಾಂ ಶೇಂಗಾ ಖರ್ಚಾಗಬೇಕು. ಡಬ್ಬಿಯಲ್ಲಿ ಹೆಚ್ಚು ಉಳಿಯಿತೆಂದರೆ ಯಾರೋ ಕಡಿಮೆ ಉಣ್ಣುತ್ತಿದ್ದಾರೆ.

ಧಾರವಾಡ ಜಿಲ್ಲೆಯ ಹೊಲಗಳಲ್ಲಿ ಮುಂಗಾರಿಗೆ ಸೋಯಾ ದಂಡಿಯಾಗಿ ಬೆಳೆಯುತ್ತದೆ, ಅಡುಗೆಮನೆಗೆ ಬರುವುದು ಮಾತ್ರ ಅಪರೂಪ. ಅದು ನಮ್ಮ ನಷ್ಟ. ನೂರು ಗ್ರಾಂನಲ್ಲಿ 35 ಗ್ರಾಂಗಿಂತ ಹೆಚ್ಚು ಪ್ರೋಟೀನು ನಮ್ಮ ಕಡೆಯ ಬೇರೆ ಯಾವ ಕಾಳಿನಲ್ಲೂ ಇಲ್ಲ. ಹಸಿಯಾಗಿ ಬೀಸಬಾರದು; ಹಸಿ ಸೋಯಾದಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶವಿದೆ. ಇಪ್ಪತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಒಂದು ಕಿಲೊ ಗೋಧಿಗೆ ನೂರು ಗ್ರಾಂನಂತೆ ಸೇರಿಸಿ ಗಿರಣಿಗೆ ಕೊಡಿ. ಇದಕ್ಕಿಂತ ಹೆಚ್ಚಾದರೆ ಚಪಾತಿ ಹರಿಯುತ್ತದೆ, ವಾಸನೆಯೂ ಬರುತ್ತದೆ.

ಕಾಳು ಮೊಳಕೆ ಕಟ್ಟುವುದು

ಮೊಳಕೆಯಿಂದ ಕಬ್ಬಿಣ ಹೀರುವಿಕೆಗೆ ಅಡ್ಡಿಯಾಗುವ ಫೈಟೇಟ್ ಕಡಿಮೆಯಾಗುತ್ತದೆ, ಹೊಟ್ಟೆಯುಬ್ಬರವೂ ತಗ್ಗುತ್ತದೆ. ಮಡಕಿ, ಹೆಸರು ಎಂಟು ತಾಸು, ಹುರಳಿ ಹನ್ನೆರಡು ತಾಸು ನೆನೆಯಲಿ. ನೀರು ಬಸಿದು, ಎರಡು ಸಲ ತೊಳೆದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕಿ. ಬೇಸಿಗೆಯಲ್ಲಿ ಹತ್ತು-ಹನ್ನೆರಡು ತಾಸು, ಚಳಿಯಲ್ಲಿ ಒಂದು ದಿನ. ಲೋಳೆ ಬಂದು ನಾರಿದರೆ ನೀರು ಪೂರ್ತಿ ಬಸಿದಿಲ್ಲ, ಇಲ್ಲವೇ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದಿಲ್ಲ. ಹಳೆಯ ಕಾಳು ಸರಿಯಾಗಿ ಮೊಳೆಯುವುದಿಲ್ಲ. ಗದಗ ಸೀಮೆಯ ಮುಂಗಾರು ಹೆಸರು ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಪೇಟೆಗೆ ಬರುತ್ತದೆ, ವರ್ಷದ ಹೆಸರನ್ನು ಆಗ ಕೊಂಡಿಡಿ. ಒಕ್ಕಲುತನದ ಮನೆಯವರಿಗೆ ಎಚ್ಚರಿಕೆ: ಬಿತ್ತಲು ತಂದ, ಔಷಧ ಹಚ್ಚಿದ ಬಣ್ಣದ ಬೀಜ ಎಷ್ಟು ತೊಳೆದರೂ ಉಣ್ಣುವುದಕ್ಕಲ್ಲ.

ಮೊಳಕೆಗೆ ಕುಕ್ಕರ್ ಬೇಡ, ಒಂದೇ ಸೀಟಿಗೆ ಮುದ್ದೆಯಾಗುತ್ತದೆ. ಒಗ್ಗರಣೆಗೆ ಬಳ್ಳೊಳ್ಳಿ, ಉಳ್ಳಾಗಡ್ಡಿ ಬಾಡಿಸಿ, ಕಾಳು, ಕಾಲು ಬಟ್ಟಲು ನೀರು ಹಾಕಿ ಏಳೆಂಟು ನಿಮಿಷ ಮುಚ್ಚಿಡಿ. ಹುರಳಿಗೆ ಮಾತ್ರ ಕುಕ್ಕರ್ ಬೇಕು. ಮಕ್ಕಳಿಗೆ, ಬಸುರಿಯರಿಗೆ ಹಸಿ ಮೊಳಕೆ ಕೊಡಬೇಡಿ, ಬೇಯಿಸಿಯೇ ಕೊಡಿ.

ಕ್ಯಾಲ್ಸಿಯಂ, ಕಬ್ಬಿಣ ಮತ್ತು ಚಟ್ನಿಪುಡಿ ಡಬ್ಬಿ

ದೊಡ್ಡವರಿಗೆ ದಿನಕ್ಕೆ ಒಂದು ಸಾವಿರ ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 50 ಗ್ರಾಂ ರಾಗಿಯಲ್ಲಿ ಸುಮಾರು 180, 60 ಗ್ರಾಂ ಹುರಳಿಯಲ್ಲಿ 160, 50 ಗ್ರಾಂ ನುಗ್ಗೆಸೊಪ್ಪಿನಲ್ಲಿ 150, ಒಂದೂವರೆ ದೊಡ್ಡ ಚಮಚ ಎಳ್ಳಿನಲ್ಲಿ ಸುಮಾರು 190. ಇವೆಲ್ಲ ಒಂದೇ ದಿನ ಕೂಡಿದರೂ ಏಳುನೂರರ ಆಸುಪಾಸು. ಅಂದರೆ ರಾಗಿ ನಮ್ಮ ಕಡೆಯ ರೂಢಿಯಲ್ಲ ಎಂದು ದೂರವಿಡುವಂತಿಲ್ಲ. ಬೆಳಗಿನ ಅಂಬಲಿ ಜೋಳದ್ದರ ಬದಲು ರಾಗಿಯದ್ದಾಗಲಿ. ಪಾಲಕ್ ಸೊಪ್ಪನ್ನು ಈ ಲೆಕ್ಕದಲ್ಲಿ ಹಿಡಿಯಬೇಡಿ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ಕೊಂಡರೆ ಪೊಟ್ಟಣ ಚೆನ್ನಾಗಿ ಅಲುಗಿಸಿ, ಅದು ತಳಕ್ಕಿಳಿದಿರುತ್ತದೆ.

ಕಬ್ಬಿಣಕ್ಕೆ ಚಳಿಗಾಲದ ಸಜ್ಜಿ ರೊಟ್ಟಿ, ಹುರಳಿ, ಗುರೆಳ್ಳು. ಪಲ್ಲೆಗೆ ಉರಿ ಆರಿಸಿದ ಮೇಲೆ ಲಿಂಬೆ ಹಿಂಡಿ. ಊಟದ ಬೆನ್ನಿಗೇ ಚಹಾ ಬೇಡ, ಒಂದು ತಾಸು ಬಿಡಲಿ. ಹುಳಿ ಇರುವ ಪುಂಡಿಪಲ್ಲೆಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಸೇರುತ್ತದೆ. ಆದರೆ ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಬೇಕು.

ಅಗಸಿ ಚಟ್ನಿಪುಡಿ ಮೀನೆಣ್ಣೆಯ ಕೆಲಸವನ್ನು ಒಂದಷ್ಟು ಮಟ್ಟಿಗೆ ಮಾಡುತ್ತದೆ. ಒಮೆಗಾ-3 ಎಂಬ ಒಳ್ಳೆಯ ಜಿಡ್ಡು ಇದರಲ್ಲಿ ಯಥೇಚ್ಛ. 200 ಗ್ರಾಂ ಅಗಸಿಯನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಿರಿ. ಸದ್ದು ನಿಂತ ಮೇಲೂ ಹುರಿದರೆ ಕಹಿ. ಹತ್ತು ಬ್ಯಾಡಗಿ ಮೆಣಸಿನಕಾಯಿ, ಖಾರ ಬೇಕಾದರೆ ಮೂರು ಗುಂಟೂರು, ಒಂದು ಹಿಡಿ ಕರಿಬೇವು ಬೇರೆಯಾಗಿ ಹುರಿಯಿರಿ. ಪೂರ್ತಿ ಆರಿದ ಮೇಲೆ ಎಂಟು ಎಸಳು ಬಳ್ಳೊಳ್ಳಿ, ಒಂದು ಚಮಚ ಜೀರಿಗೆ, ಚಿಕ್ಕ ಗೋಲಿಯಷ್ಟು ಹುಣಸೆ, ಎರಡು ಚಮಚ ಉಪ್ಪು ಸೇರಿಸಿ, ಮಿಕ್ಸರನ್ನು ತಡೆತಡೆದು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಗಂಟಾಗುತ್ತದೆ. ಇಡೀ ಅಗಸಿ ತಿಂದರೆ ಜೀರ್ಣವಾಗದೆ ಹಾಗೇ ಹೋಗುತ್ತದೆ, ಪುಡಿ ಮಾಡಲೇಬೇಕು. ಒಮ್ಮೆಗೆ ಎರಡು-ಮೂರು ವಾರಕ್ಕಾಗುವಷ್ಟೇ ಮಾಡಿ, ಬೇಗ ಕಮಟುತ್ತದೆ. ದಿನಕ್ಕೆ ಒಬ್ಬರಿಗೆ ಒಂದು ದೊಡ್ಡ ಚಮಚ.

ಮಕ್ಕಳು, ಬಾಣಂತಿಯರು

ಒಂದು ವರ್ಷದೊಳಗಿನ ಕೂಸಿಗೆ ಶೇಂಗಾ, ಗೋಡಂಬಿ, ತೆಂಗು ಯಾವ ಹಾಲೂ ತಾಯಿಹಾಲಿಗೆ ಬದಲಿಯಲ್ಲ. ತಾಯಿಹಾಲು ಸಾಲದಿದ್ದರೆ ಮಕ್ಕಳ ವೈದ್ಯರು ಹೇಳಿದ ಫಾರ್ಮುಲಾ ಮಾತ್ರ. ಬಸುರಿ, ಬಾಣಂತಿ ಬಿ12 ತಪ್ಪಿಸಿದರೆ ಕೊರತೆ ಕೂಸಿಗೂ ಹೋಗುತ್ತದೆ, ಅದರ ಮಿದುಳಿನ ಬೆಳವಣಿಗೆಗೇ ಪೆಟ್ಟು. ಇವರಿಗೂ ಮಕ್ಕಳಿಗೂ ಮಾತ್ರೆಯ ಅಳತೆಯನ್ನು ವೈದ್ಯರೇ ಹೇಳಬೇಕು.

ಎರಡರಿಂದ ಆರು ವರ್ಷದವರಲ್ಲಿ ಆಗುವ ತಪ್ಪು ಬೇರೆ: ನಾರು ಹೆಚ್ಚು, ಜಿಡ್ಡು ಕಡಿಮೆ. ಅವರ ಸಣ್ಣ ಹೊಟ್ಟೆ ಅರ್ಧ ರೊಟ್ಟಿಗೇ ತುಂಬುತ್ತದೆ, ಶಕ್ತಿ ಸಾಲುವುದಿಲ್ಲ. ರೊಟ್ಟಿ ಮುರಿದು ತೊವ್ವೆಯಲ್ಲಿ ಕಲಸಿ, ಮೇಲೆ ಎರಡು ಚಮಚ ಶೇಂಗಾ ಎಣ್ಣೆ ಹಾಕಿ. ನಡುವೆ ಪುಟಾಣಿಹಿಟ್ಟು-ಬೆಲ್ಲ, ಎಳ್ಳುಂಡೆ, ಬಾಳೆಹಣ್ಣು ಕೊಡಿ. ಇಡೀ ಶೇಂಗಾ ಬೀಜ ಮಾತ್ರ ಐದು ವರ್ಷದೊಳಗೆ ಬೇಡ, ಗಂಟಲಿಗೆ ಸಿಕ್ಕೀತು; ಪುಡಿ ಮಾಡಿ ಕೊಡಿ. ಮೂರು ತಿಂಗಳಿಗೊಮ್ಮೆ ತೂಕ, ಎತ್ತರ ಬರೆದಿಡಿ. ಅವು ಏರದೆ ನಿಂತರೆ ಹಟ ಬಿಟ್ಟು ವೈದ್ಯರಲ್ಲಿಗೆ ಹೋಗಿ.

ಹಬ್ಬದ ಸಿಹಿ, ಹೊರಗಿನ ಊಟ

ಸಸ್ಯದ ಹಾಲು ನಮಗೆ ಹೊಸತಲ್ಲ, ಕುಸುಬಿ ಹಾಲಿನ ಹುಗ್ಗಿ ಈ ಸೀಮೆಯ ಹಳೆಯ ಅಡುಗೆ. ಒಂದು ಬಟ್ಟಲು ಕುಸುಬಿಯನ್ನು ರಾತ್ರಿ ನೆನೆಸಿ, ಅರ್ಧ ಬಟ್ಟಲು ಕೊಬ್ಬರಿ ಸೇರಿಸಿ ರುಬ್ಬಿ, ಮೂರು ಬಟ್ಟಲು ನೀರಿನಲ್ಲಿ ಎರಡು ಸಲ ಹಾಲು ತೆಗೆಯಿರಿ. ಬಟ್ಟೆಯಲ್ಲಿ ಸೋಸಲೇಬೇಕು, ಸಿಪ್ಪೆಯ ಚೂರು ಗಂಟಲು ಕೆರೆಯುತ್ತದೆ. ಕುಟ್ಟಿದ ಗೋಧಿ ಒಂದು ಬಟ್ಟಲು ಮೆತ್ತಗೆ ಬೇಯಿಸಿ, ಒಂದು ಬಟ್ಟಲು ಬೆಲ್ಲ ಕರಗಿಸಿ ಬೆರೆಸಿ. ಉರಿ ತಗ್ಗಿಸಿ ಕುಸುಬಿ ಹಾಲು ಸುರಿದು, ಗಟ್ಟಿಯಾಗುವವರೆಗೆ ತಿರುವುತ್ತಿರಿ. ಕೈ ನಿಲ್ಲಿಸಿದರೆ, ಉರಿ ದೊಡ್ಡದಾದರೆ ಹಾಲು ಒಡೆದು ಕಾಳುಕಾಳಾಗುತ್ತದೆ. ಏಲಕ್ಕಿ, ಗಸಗಸೆ ಕಡೆಯಲ್ಲಿ.

ಶೇಂಗಾ ಹೋಳಿಗೆ, ಎಳ್ಳು ಹೋಳಿಗೆಗಳಲ್ಲಿ ಕಣಕಕ್ಕೆ ಎಣ್ಣೆ ಹಾಕಿದರಾಯಿತು. ಹೂರಣದ ಹೋಳಿಗೆಗೆ ಬೆಲ್ಲ ಹಾಕಿದ ತೆಂಗಿನ ಹಾಲು ಸುರಿದುಕೊಳ್ಳಿ. ಎಳ್ಳಮಾವಾಸ್ಯೆಯ ಚರಗದ ಬುತ್ತಿಯಲ್ಲಿ ಬದಲಿಸಬೇಕಾದದ್ದು ಮೊಸರನ್ನ ಒಂದೇ, ಅದಕ್ಕೆ ಶೇಂಗಾ ಮೊಸರಿದೆ. ಧಾರವಾಡ ಪೇಡೆಗೆ ಮಾತ್ರ ಬದಲಿ ಹುಡುಕಬೇಡಿ. ಹಾಲನ್ನು ಬತ್ತಿಸಿ ಹುರಿದ ಆ ರುಚಿ ಗೋಡಂಬಿಯಿಂದ ಬರುವುದಿಲ್ಲ.

ಹೊರಗೆ ಗಿರಮಿಟ್, ಮಿರ್ಚಿ ಭಜಿ, ಇಡ್ಲಿ-ಸಾಂಬಾರಿನ ಬಗ್ಗೆ ಸಾಮಾನ್ಯವಾಗಿ ಚಿಂತೆಯಿಲ್ಲ. ದೋಸೆ, ಉಪ್ಪಿಟ್ಟಿಗೆ ಬೆಣ್ಣೆ-ತುಪ್ಪ ಬೀಳುತ್ತದೆಯೇ ಎಂದು ಕೇಳಬೇಕು. ಖಾನಾವಳಿಯಲ್ಲಿ ‘ವೀಗನ್’ ಎಂದರೆ ತಿಳಿಯಲಿಕ್ಕಿಲ್ಲ. ‘ಬ್ಯಾಳಿಗೆ ತುಪ್ಪ ಹಾಕಬ್ಯಾಡ್ರಿ, ಮಸರು ಬ್ಯಾಡ, ಹಿಂಡಿಗೆ ಎಣ್ಣಿ ಕೊಡ್ರಿ’ ಎಂದರೆ ಸಾಕು, ಯಾರೂ ಬೇಸರಿಸುವುದಿಲ್ಲ. ಒಗ್ಗರಣೆ ಮೊದಲೇ ತುಪ್ಪದಲ್ಲಿ ಆಗಿದ್ದರೆ ಬೇಳೆ ಬಿಟ್ಟು ಕಾಳುಪಲ್ಲೆಯನ್ನೇ ಎರಡು ಸಲ ಹಾಕಿಸಿಕೊಳ್ಳಿ. ದೂರದ ಪ್ರಯಾಣಕ್ಕೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಸಣ್ಣ ಶೀಸೆಯಲ್ಲಿ ಎಣ್ಣೆ ಕಟ್ಟಿಕೊಂಡರೆ ಎರಡು-ಮೂರು ದಿನ ಸಲೀಸು. ಹಿಂಡಿಗೆ ಹಸಿ ಬಳ್ಳೊಳ್ಳಿ ಹಾಕಿದ್ದರೆ ಮೊದಲ ದಿನವೇ ಮುಗಿಸಿ; ಹುರಿದು ಹಾಕಿದ್ದರೆ ವಾರ ತಡೆಯುತ್ತದೆ.